ಮಿಂಚುಹುಳುವಿಗೆ ಸ್ವಲ್ಪ ಕತ್ತಲು ಬಿಡೋಣ

ಮಕ್ಕಳೇ,

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಒಂದೆರಡು ಮಳೆ ಬಿದ್ದಿರುತ್ತದೆ. ಸೆಕೆ ಮಾತ್ರ ಇನ್ನೂ ಹೋಗಿರುವುದಿಲ್ಲ. ಇದು ಹುಳುಗಳ ಕಾಲ. ಸಂಜೆ ದೀಪ ಹಾಕಿದರೆ ಸಾಕು, ರೆಕ್ಕೆ ಬಂದ ಗೆದ್ದಲುಗಳು ಊಟದ ತಟ್ಟೆಗೇ ಬಂದು ಬೀಳುತ್ತವೆ. ಸೊಳ್ಳೆಗೆ ಹೆದರಿ ಅಮ್ಮ ಕಿಟಕಿ ಮುಚ್ಚುತ್ತಾರೆ. ಆದರೆ ಕರೆಂಟು ಹೋಯಿತೆನ್ನಿ, ಅದೇ ಕಿಟಕಿ ತೆರೆದು ಎಲ್ಲರೂ ಹೊರಗೆ ನೋಡುತ್ತೇವೆ. ಮಲೆನಾಡಿನಲ್ಲಿ, ತೋಟ ಗದ್ದೆಗಳಿರುವ ಇನ್ನೂ ಎಷ್ಟೋ ಊರುಗಳಲ್ಲಿ ಆಗ ಮಿಂಚುಹುಳುಗಳು ಕಾಣುತ್ತವೆ. ಕೆಲವು ಕಡೆ ಇಡೀ ಮರವೇ ಒಮ್ಮೆಗೇ ಹೊತ್ತಿ, ಒಮ್ಮೆಗೇ ಆರಿದಂತೆ ಕಾಣುವುದೂ ಉಂಟು.

ಕಂಡ ಕೂಡಲೇ ನಮ್ಮ ಕೈ ಗಾಜಿನ ಬಾಟಲಿ ಹುಡುಕುತ್ತದೆ. ಹತ್ತು ಹುಳು ಹಿಡಿದು ಒಳಗೆ ಹಾಕಿ ಹಾಸಿಗೆಯ ಪಕ್ಕ ಇಟ್ಟುಕೊಳ್ಳುವ ಆಸೆ ಯಾರಿಗಿಲ್ಲ? ಆದರೂ ನಾನು ಹೇಳುವುದು ಇಷ್ಟು: ಈ ಸಲ ಬಾಟಲಿ ಬೇಡ. ಅದರ ಬದಲು, ಯಾರಿಗೂ ಬೇಡವಾಗಿ ಉರಿಯುತ್ತಿರುವ ಒಂದು ದೀಪವನ್ನು ಆರಿಸಿ. ಏಕೆ ಎಂದು ಕೇಳುತ್ತೀರಾ? ಮೊದಲು ಈ ಹುಳುವಿನ ಬಾಳು ಹೇಗೆ ಎಂದು ನೋಡೋಣ.

ಮಿಂಚುಹುಳು ನೊಣವಲ್ಲ, ದುಂಬಿಗಳ ಗುಂಪಿಗೆ ಸೇರಿದ ಕೀಟ. ಅದರ ಬಾಳಿನ ಬಹುಪಾಲು ಕಳೆಯುವುದು ನಮಗೆ ಕಾಣದಂತೆ, ನೆಲದ ಮೇಲೆ. ಒದ್ದೆ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ. ಅನೇಕ ಬಗೆಯ ಮಿಂಚುಹುಳುಗಳ ಮರಿಗಳು ಬಸವನಹುಳುಗಳನ್ನು, ಎರೆಹುಳುಗಳನ್ನು ಹಿಡಿದು ತಿಂದು ತಿಂಗಳುಗಟ್ಟಲೆ ಬೆಳೆಯುತ್ತವೆ. ಕೆಲವಕ್ಕೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಆಮೇಲೆ ಕೋಶಾವಸ್ಥೆ. ಕೊನೆಗೆ ರೆಕ್ಕೆ ಬಂದು ಹಾರತೊಡಗಿದ ಮೇಲೆ ಅದಕ್ಕೆ ಉಳಿಯುವುದು ಕೆಲವೇ ವಾರಗಳು. ಆ ದಿನಗಳಲ್ಲಿ ಎಷ್ಟೋ ಜಾತಿಯವು ಊಟವನ್ನೇ ಮಾಡುವುದಿಲ್ಲ. ಅವುಗಳಿಗೆ ಉಳಿದಿರುವ ಕೆಲಸ ಒಂದೇ: ಸಂಗಾತಿಯನ್ನು ಹುಡುಕಿ ಮೊಟ್ಟೆಯಿಡುವುದು. ಒಂದು ಹುಳುವಿಗೆ ಹಾರಲು ಇಪ್ಪತ್ತು ರಾತ್ರಿಗಳಿವೆ ಎಂದುಕೊಳ್ಳಿ. ನಿಮ್ಮ ಬಾಟಲಿಯಲ್ಲಿ ಕಳೆದ ಒಂದು ರಾತ್ರಿ ಅದರ ಇಪ್ಪತ್ತನೆಯ ಒಂದು ಪಾಲು.

ಈ ಹುಡುಕಾಟಕ್ಕೆ ಇರುವ ಭಾಷೆಯೇ ಬೆಳಕು. ಹುಳುವಿನ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ರಾಸಾಯನಿಕವಿದೆ. ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಅದು ಆಕ್ಸಿಜನ್ ಜೊತೆ ಸೇರಿದಾಗ ಬೆಳಕು ಹುಟ್ಟುತ್ತದೆ. ಇದಕ್ಕೆ ಬೇಕಾದ ಶಕ್ತಿಯನ್ನು ಎಲ್ಲ ಜೀವಕೋಶಗಳಲ್ಲೂ ಇರುವ ಎ.ಟಿ.ಪಿ. ಎಂಬ ವಸ್ತು ಒದಗಿಸುತ್ತದೆ. ಮುಟ್ಟಿದರೆ ಬಿಸಿಯಾಗದ ಈ ಬೆಳಕನ್ನು ತಣ್ಣನೆಯ ಬೆಳಕು ಎನ್ನುತ್ತಾರೆ. ಅನೇಕ ಜಾತಿಗಳಲ್ಲಿ ಗಂಡು ಹಾರುತ್ತಾ ಒಂದು ಲಯದಲ್ಲಿ ಮಿನುಗುತ್ತದೆ. ಹುಲ್ಲಿನಲ್ಲೋ ಪೊದೆಯಲ್ಲೋ ಕುಳಿತ ಹೆಣ್ಣು ಅದನ್ನು ಗುರುತಿಸಿ ಮಿನುಗಿ ಉತ್ತರ ಕೊಡುತ್ತದೆ.

ಈಗ ಒಂದು ದೃಶ್ಯ ಊಹಿಸಿಕೊಳ್ಳಿ. ಊರ ಜಾತ್ರೆ. ಕಿವಿ ಒಡೆಯುವಂತೆ ಮೈಕು ಹಾಕಿದ್ದಾರೆ. ಗದ್ದೆಯ ಆಚೆ ಬದಿಯಲ್ಲಿ ನಿಂತ ಗೆಳೆಯನನ್ನು ನೀವು ಕೂಗುತ್ತೀರಿ. ಅವನಿಗೆ ಕೇಳುವುದೇ ಇಲ್ಲ. ಮಿಂಚುಹುಳುವಿನ ಪಾಲಿಗೆ ರಾತ್ರಿಯಿಡೀ ಉರಿಯುವ ಬಿಳಿ ದೀಪ ಅಂಥ ಮೈಕು. ಗಂಡು ಮಿನುಗಿದರೂ ಹೆಣ್ಣಿಗೆ ಕಾಣದು, ಹೆಣ್ಣು ಉತ್ತರಿಸಿದರೂ ಗಂಡಿಗೆ ಕಾಣದು. ಈ ವರ್ಷ ಜೋಡಿ ಕೂಡದಿದ್ದರೆ ಮುಂದೆ ಮರಿಗಳು ಎಲ್ಲಿಂದ ಬರಬೇಕು?

ಇದು ನನ್ನೊಬ್ಬನ ಆತಂಕವಲ್ಲ. ಪ್ರಪಂಚದ ಹಲವು ಭಾಗಗಳ ಮಿಂಚುಹುಳು ತಜ್ಞರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆ 2020ರಲ್ಲಿ ಪ್ರಕಟವಾಯಿತು. ಅವರು ಹೆಸರಿಸಿದ ದೊಡ್ಡ ಅಪಾಯಗಳು ಮೂರು: ವಾಸದ ನೆಲೆ ನಾಶವಾಗುವುದು, ರಾತ್ರಿಯ ಕೃತಕ ಬೆಳಕು ಮತ್ತು ಕೀಟನಾಶಕಗಳು. ಕಾಡು, ಕೆರೆಗಳನ್ನು ಉಳಿಸುವುದು ಹಲವರು ಸೇರಿ ಬಹುಕಾಲ ಮಾಡಬೇಕಾದ ಕೆಲಸ. ಮಣ್ಣಿಗೆ ಸೇರಿದ ವಿಷ ಒಂದೇ ದಿನದಲ್ಲಿ ಹೋಗುವುದಿಲ್ಲ. ಆದರೆ ಬೆಳಕು ಹಾಗಲ್ಲ. ಸ್ವಿಚ್ಚು ಒತ್ತಿದ ಕ್ಷಣದಲ್ಲೇ ಅದು ಇಲ್ಲವಾಗುತ್ತದೆ, ಏನನ್ನೂ ಉಳಿಸಿ ಹೋಗುವುದಿಲ್ಲ. ಮೂರರಲ್ಲಿ ನಿಮ್ಮ ಬೆರಳಿಗೇ ಎಟುಕುವ ಪರಿಹಾರ ಇದೊಂದೇ.

ಹುಳು ಹಿಡಿಯುವುದರ ಕಥೆಯನ್ನೂ ಕೇಳಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಿಲಿಯಂ ಮೆಕೆಲ್‌ರಾಯ್ ಎಂಬ ವಿಜ್ಞಾನಿ ಈ ಬೆಳಕಿನ ಗುಟ್ಟನ್ನು ಹುಡುಕುತ್ತಿದ್ದರು. 1947ರಲ್ಲಿ ಅವರು, ನೂರು ಹುಳು ತಂದರೆ 25 ಸೆಂಟ್ ಕೊಡುವುದಾಗಿ ಅಲ್ಲಿನ ಮಕ್ಕಳಿಗೆ ತಿಳಿಸಿದರು. ಮಕ್ಕಳು ಸಾವಿರಗಟ್ಟಲೆ ಹಿಡಿದು ತಂದರು. ಮುಂದೆ ಒಂದು ಕಂಪನಿಯೂ ಪ್ರತಿ ಬೇಸಿಗೆಯಲ್ಲಿ ಲಕ್ಷಗಟ್ಟಲೆ ಹುಳು ಕೊಂಡಿತು. ಅದರಿಂದ ವಿಜ್ಞಾನಕ್ಕೆ ಉಪಯೋಗವಾಗಲಿಲ್ಲ ಎನ್ನುವಂತಿಲ್ಲ. ಜೀವಾಣುಗಳಲ್ಲೂ ಎ.ಟಿ.ಪಿ. ಇರುವುದರಿಂದ, ಆಹಾರ ತಯಾರಿಸುವ ಜಾಗ ಶುಚಿಯಾಗಿದೆಯೇ ಎಂದು ಪರೀಕ್ಷಿಸಲು ಇಂದಿಗೂ ಇದೇ ಬೆಳಕನ್ನು ಬಳಸುತ್ತಾರೆ. ಆದರೆ 1985ರಲ್ಲಿ ಲೂಸಿಫೆರೇಸ್ ತಯಾರಿಸುವ ಜೀನ್ ಅನ್ನು ವಿಜ್ಞಾನಿಗಳು ಪ್ರತ್ಯೇಕಿಸಿದರು. ಈಗ ಬ್ಯಾಕ್ಟೀರಿಯಾಗಳಿಂದಲೇ ಆ ಕಿಣ್ವವನ್ನು ಪಡೆಯಬಹುದು. ವಿಜ್ಞಾನಕ್ಕೇ ಇಂದು ಆ ರಾಶಿ ಹುಳುಗಳು ಬೇಕಿಲ್ಲ. ಹಾಗಿರುವಾಗ ನಮ್ಮ ಬಾಟಲಿಗೆ ಏಕೆ?

ಒಂದು ಮಾತನ್ನು ನಿಮ್ಮಲ್ಲಿ ಕೆಲವರು ಕೇಳಿಯೇ ಕೇಳುತ್ತೀರಿ. “ನಮ್ಮೂರಿಗೆ ಬೀದಿ ದೀಪ ಬರಲು ಎಷ್ಟು ವರ್ಷ ಕಾದೆವು! ಮಳೆಗಾಲದಲ್ಲಿ ಹಾವುಗಳು ಬೇರೆ. ಹುಳುವಿಗಾಗಿ ಕತ್ತಲಲ್ಲಿ ನಡೆಯಬೇಕೇ?” ಬೇಡ. ನಡೆಯುವ ದಾರಿಗೆ ದೀಪ ಬೇಕು, ಕೈಯಲ್ಲಿ ಟಾರ್ಚು ಇರಲೇಬೇಕು. ನಾನು ಹೇಳುತ್ತಿರುವುದು ಬೇಡದ ಬೆಳಕಿನ ಬಗ್ಗೆ. ಬೀಗ ಹಾಕಿದ ಕಟ್ಟಡದ ಹೊರಗೆ ಬೆಳಗಿನವರೆಗೆ ಉರಿಯುವ ದೀಪ ಯಾರಿಗೆ ದಾರಿ ತೋರಿಸುತ್ತದೆ? ಮರದ ಕಡೆಗೆ, ಆಕಾಶದ ಕಡೆಗೆ ಮುಖ ಮಾಡಿದ ದೀಪ ಯಾರ ಕಾಲ ಬುಡಕ್ಕೆ ಬೆಳಕು ಕೊಡುತ್ತದೆ? ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ ಬೆಳಕು ನೆಲಕ್ಕೆ ಬೀಳುವಂತೆ ಮಾಡಿದರೆ ನಡೆಯುವವರಿಗೂ ಒಳ್ಳೆಯದು, ಹುಳುವಿಗೂ ಒಳ್ಳೆಯದು. ಈ ಕೆಲಸ ಮಾತ್ರ ದೊಡ್ಡವರದು. ನೀವು ತಂತಿ, ಕಂಬಗಳ ಹತ್ತಿರ ಹೋಗಬೇಡಿ. ನಿಮ್ಮ ಶಿಕ್ಷಕರ ಮೂಲಕ ಪಂಚಾಯಿತಿಗೆ ಒಂದು ಪತ್ರ ಬರೆಯಿರಿ.

ಶಿಕ್ಷಕರಲ್ಲಿ ಇನ್ನೊಂದು ಮನವಿ. ಶಾಲೆ ತೆರೆದ ವಾರ ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಚ್ಚುವ ರೂಢಿ ಅನೇಕ ಕಡೆ ಇದೆ. ದಯವಿಟ್ಟು ಬೆಂಕಿ ಬೇಡ. ಮಕ್ಕಳು ಓಡಾಡದ ಒಂದು ಮೂಲೆಯಲ್ಲಿ, ಮರದ ಬುಡದಲ್ಲಿ ಎಲೆಗಳು ಕೊಳೆಯಲಿ. ಇದರಿಂದ ಸೊಳ್ಳೆ ಹೆಚ್ಚುತ್ತದೆಂಬ ಅಂಜಿಕೆ ಬೇಡ. ಸೊಳ್ಳೆಯ ಮರಿ ಬೆಳೆಯುವುದು ನಿಂತ ನೀರಿನಲ್ಲಿ. ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಬಕೆಟ್ಟುಗಳನ್ನು ತೆಗೆಸಿ. ಅಂಗಳ ಶುಚಿಗೊಳಿಸುವುದೆಂದರೆ ಮೊದಲು ಮಾಡಬೇಕಾದ್ದು ಇದನ್ನೇ.

ಮಕ್ಕಳೇ, ಕೊನೆಯಲ್ಲಿ ನಿಮಗೊಂದು ಕೆಲಸ. ನನ್ನ ಮಾತನ್ನು ಸುಮ್ಮನೆ ನಂಬಬೇಡಿ, ಪರೀಕ್ಷಿಸಿ. ಸಂಜೆ ಕತ್ತಲಾದ ಮೇಲೆ ಮನೆಯ ಹಿರಿಯರ ಜೊತೆ ಜಗಲಿಯಲ್ಲಿ ಕುಳಿತು, ಹತ್ತು ನಿಮಿಷದಲ್ಲಿ ಎಷ್ಟು ಮಿನುಗು ಕಂಡಿತೆಂದು ಎಣಿಸಿ. ಒಂದು ದಿನ ಹೊರಗಿನ ದೀಪ ಉರಿಯುತ್ತಿರಲಿ, ಮರುದಿನ ಆರಿರಲಿ. ಜಾಗ, ಹೊತ್ತು ಎರಡೂ ಒಂದೇ ಆಗಿರಲಿ. ಬೆಳದಿಂಗಳ ದಿನಗಳನ್ನು ಬಿಟ್ಟು ಅಮಾವಾಸ್ಯೆಯ ಆಸುಪಾಸಿನಲ್ಲಿ ಎಣಿಸಿದರೆ ಉತ್ತಮ. ಹೀಗೆ ಮೂರು ನಾಲ್ಕು ಸಲ ಮಾಡಿ. ತಾರೀಕು, ಮಳೆ ಬಂತೋ ಇಲ್ಲವೋ, ದೀಪ ಇತ್ತೋ ಇಲ್ಲವೋ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮೂರಿನಲ್ಲಿ ಒಂದೂ ಕಾಣದಿದ್ದರೆ ‘ಸೊನ್ನೆ’ ಎಂದೇ ಬರೆಯಿರಿ. ನೀವು ಚಿಕ್ಕವರಿದ್ದಾಗ ಇದ್ದವೇ ಎಂದು ಅಜ್ಜ ಅಜ್ಜಿಯರನ್ನು ಕೇಳಿ, ಅವರ ಉತ್ತರವನ್ನೂ ಬರೆಯಿರಿ.

ಆ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿ. ಮುಂದಿನ ವರ್ಷ ಶಾಲೆ ತೆರೆದಾಗ ಅದೇ ಜಗಲಿಯಲ್ಲಿ ಕುಳಿತು ಮತ್ತೆ ಎಣಿಸಿ.