ಆ ಹುಡುಗಿಯ ಕೈಗೆ ಪಿಸ್ತೂಲು ಕೊಟ್ಟವರು ಯಾರು?

‘ಅದು ಬರೀ ಸಿನಿಮಾ, ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಬುದ್ಧಿಮಾತನ್ನು ಸಿನಿಮಾದ ಮೇಲೆ ಪಿಎಚ್‌ಡಿ ಮಾಡುವ ನನ್ನಂಥವರು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು. ಹಾಲಿವುಡ್ ತೋರಿಸುವ ಅರಬರ ವಿಷಯ ಎತ್ತಿದರಂತೂ ಮೊದಲು ಬರುವ ಉತ್ತರವೇ ಅದು. ಸರಿ, ಒಂದು ಸಿನಿಮಾವನ್ನೇ ನೋಡೋಣ.

2000ರಲ್ಲಿ ಬಂದ, ವಿಲಿಯಂ ಫ್ರೀಡ್ಕಿನ್ ನಿರ್ದೇಶನದ ‘ರೂಲ್ಸ್ ಆಫ್ ಎಂಗೇಜ್‌ಮೆಂಟ್’. ಯೆಮೆನ್‌ನಲ್ಲಿರುವ ಅಮೆರಿಕದ ರಾಯಭಾರ ಕಚೇರಿಯ ಮುಂದೆ ಜನ ಸೇರಿದ್ದಾರೆ. ಅಮೆರಿಕದ ಸೇನಾಧಿಕಾರಿಯೊಬ್ಬನ ಆಜ್ಞೆಯ ಮೇರೆಗೆ ಸೈನಿಕರು ಗುಂಡು ಹಾರಿಸುತ್ತಾರೆ. 83 ಜನ ಸಾಯುತ್ತಾರೆ. ಕಾಲು ಕಳೆದುಕೊಂಡ ಪುಟ್ಟ ಹುಡುಗಿಯೊಬ್ಬಳನ್ನು ಕಂಡು ನಮ್ಮ ಕರುಳು ಚುರ್ ಎನ್ನುತ್ತದೆ. ಆಮೇಲೆ ಅದೇ ಘಟನೆಯನ್ನು ಇನ್ನೊಮ್ಮೆ ತೋರಿಸುತ್ತಾರೆ. ಈಗ ಆ ಹುಡುಗಿಯ ಕೈಯಲ್ಲೂ ಪಿಸ್ತೂಲು! ಅಧಿಕಾರಿ ಕೊಲೆ ಆರೋಪದಿಂದ ಪಾರಾಗುತ್ತಾನೆ. ನಾವು ಮರುಗಿದ್ದೇ ತಪ್ಪು ಎಂದು ನಮಗೇ ಅನ್ನಿಸುವಂತೆ ಮಾಡುತ್ತಾರೆ. ಇಂಥ ಹತ್ಯಾಕಾಂಡ ಯೆಮೆನ್‌ನಲ್ಲಿ ನಡೆದೇ ಇಲ್ಲ. ಕಥೆ ಕಟ್ಟಿದವರೇ ಆ ಮಗುವಿನ ಕೈಗೆ ಪಿಸ್ತೂಲು ಕೊಟ್ಟವರು.

ಇದು ಒಂದು ಸಿನಿಮಾದ ಮಾತಲ್ಲ. ಲೆಬನಾನ್ ಮೂಲದ ಅಮೆರಿಕನ್ ವಿದ್ವಾಂಸ ಜ್ಯಾಕ್ ಶಹೀನ್ ಒಂಬೈನೂರಕ್ಕೂ ಹೆಚ್ಚು ಸಿನಿಮಾಗಳನ್ನು ಪರಿಶೀಲಿಸಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಪ್ರಕಟಿಸಿದರು. ಅರಬರನ್ನು ಮನುಷ್ಯರಂತೆ ಕಂಡ ಸಿನಿಮಾಗಳು ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಮಕ್ಕಳ ಸಿನಿಮಾವೂ ಇದಕ್ಕೆ ಹೊರತಲ್ಲ. ಡಿಸ್ನಿಯ ‘ಅಲ್ಲಾದೀನ್’ನಲ್ಲಿ (1992) ನಾಯಕ, ನಾಯಕಿಯರದು ಅಮೆರಿಕನ್ ಉಚ್ಚಾರಣೆ, ಕತ್ತಿ ಝಳಪಿಸುವ ಕಾವಲುಗಾರರದು ಮಾತ್ರ ‘ಅರಬ್’ ಉಚ್ಚಾರಣೆ. ಕಿವಿ ಕತ್ತರಿಸುವ ನಾಡು ಎಂಬ ಹಾಡಿನ ಸಾಲನ್ನು ಪ್ರತಿಭಟನೆಯ ನಂತರ ಬದಲಿಸಿದರು. ಅದು ಅನಾಗರಿಕ ನಾಡು ಎಂಬ ಮಾತನ್ನು ಹಾಗೇ ಉಳಿಸಿಕೊಂಡರು.

‘ಹಾಗಾದರೆ ಅರಬ್ ಭಯೋತ್ಪಾದಕರೇ ಇಲ್ಲವೇ?’ ಎಂದು ಕೇಳುತ್ತಾರೆ. ಇದ್ದಾರೆ. ಇಟಲಿ ಮೂಲದ ಕೊಲೆಗಡುಕರೂ ಇದ್ದರು. ಆದರೆ ‘ಗಾಡ್‌ಫಾದರ್’ನಲ್ಲಿ ಅವರಿಗೆ ಮದುವೆ ಮನೆಯಿದೆ, ಅಡುಗೆಮನೆಯಿದೆ, ಅಳುವ ಅಪ್ಪನಿದ್ದಾನೆ. ಅರಬನಿಗೆ ಹೆಸರೂ ಇಲ್ಲ. ಅವನ ಕೂಗಿಗೆ ಎಷ್ಟೋ ಸಲ ಸಬ್‌ಟೈಟಲ್ ಕೂಡ ಇಲ್ಲ.

ಬರೀ ಸಿನಿಮಾವೇ? 1995ರಲ್ಲಿ ಒಕ್ಲಹೋಮ ನಗರದಲ್ಲಿ ಬಾಂಬ್ ಸಿಡಿದು 168 ಜನ ಸತ್ತಾಗ ಟಿವಿಗಳು ಮೊದಲು ಬೊಟ್ಟು ಮಾಡಿದ್ದು ಮಧ್ಯಪ್ರಾಚ್ಯದವರ ಕಡೆಗೆ. ಬಾಂಬ್ ಇಟ್ಟವನು ಟಿಮತಿ ಮ್ಯಾಕ್‌ವೇ, ಅಮೆರಿಕದ ಬಿಳಿಯ ಮಾಜಿ ಸೈನಿಕ. ಅವನಿಂದಾಗಿ ಬಿಳಿಯರೆಲ್ಲ ಶಂಕಿತರಾಗಲಿಲ್ಲ.

‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ (1962) ರಾಜಕುಮಾರ ಫೈಸಲ್ ಆಗಿ ನಟಿಸಿದ್ದು ಬ್ರಿಟಿಷ್ ನಟ ಅಲೆಕ್ ಗಿನ್ನೆಸ್. ಜೋರ್ಡಾನಿನ ಅದೇ ವಾದಿ ರಮ್ ಮರುಭೂಮಿಯಲ್ಲಿ ‘ಥೀಬ್’ (2014) ತಯಾರಾಯಿತು. ಕಾಲವೂ ಅದೇ, ಮೊದಲ ಮಹಾಯುದ್ಧದ್ದು. ಆದರೆ ಇಲ್ಲಿ ಕಥೆ ಒಬ್ಬ ಬೆದೂಯಿನ್ ಹುಡುಗನದು; ನಟಿಸಿದ ಬಹುತೇಕರು ಬೆದೂಯಿನರೇ. ‘ಬರೀ ಸಿನಿಮಾ’ ಎನ್ನುವವರು ದಯವಿಟ್ಟು ಇದನ್ನು ನೋಡಿ. ಆಮೇಲೆ ಆ ಪಿಸ್ತೂಲಿನ ದೃಶ್ಯವನ್ನು ಇನ್ನೊಮ್ಮೆ ನೋಡಲಾಗುತ್ತದೆಯೇ, ಹೇಳಿ.