ಸೂಜಿಯ ಕೋಣೆಯೂ ಮನೆಯ ಬಾಗಿಲೂ

ಮಾದಕ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳುವ ವ್ಯಸನಿಗೆ ಸರ್ಕಾರವೇ ಒಂದು ಕೋಣೆಯನ್ನೂ ಶುದ್ಧ ಸೂಜಿಯನ್ನೂ ಪಕ್ಕದಲ್ಲಿ ಕಾವಲಿಗೆ ಒಬ್ಬ ದಾದಿಯನ್ನೂ ಒದಗಿಸುವುದು ಸರಿಯೇ? ಹಲವು ದೇಶಗಳ ಶಾಸನಸಭೆಗಳನ್ನು ಕಾಡಿರುವ ಪ್ರಶ್ನೆಯಿದು. ಕೋಣೆ ಬೇಕೆನ್ನುವವರು ಬೀದಿಯಲ್ಲಿ ಸಾಯುವವನನ್ನು ತೋರಿಸುತ್ತಾರೆ. ಬೇಡವೆನ್ನುವವರು ಅದೇ ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ತೋರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿರುವುದರಿಂದಲೇ ವಾದ ಮುಗಿಯುತ್ತಿಲ್ಲ.

ಈ ವಾದ ನಮ್ಮ ಧರ್ಮಸಭೆಯ ಅಂಗಳವನ್ನೇ ಪ್ರವೇಶಿಸಿದ್ದು 1999ರಲ್ಲಿ. ಆಸ್ಟ್ರೇಲಿಯಾದ ಸಿಡ್ನಿ ನಗರದ ಕಿಂಗ್ಸ್ ಕ್ರಾಸ್ ಪ್ರದೇಶದಲ್ಲಿ ಇಂಥದೊಂದು ಕೇಂದ್ರವನ್ನು ನಡೆಸಲು, ಅಲ್ಲಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಯನ್ನು ಸ್ಥಾಪಿಸಿದ ಸಿಸ್ಟರ್ಸ್ ಆಫ್ ಚಾರಿಟಿ ಭಗಿನಿಯರು ಒಪ್ಪಿದ್ದರು. ಆಗ ಕಾರ್ಡಿನಲ್ ರಾಟ್ಸಿಂಗರ್ ಅವರ ನೇತೃತ್ವದಲ್ಲಿದ್ದ ರೋಮಿನ ವಿಶ್ವಾಸ ಸಿದ್ಧಾಂತ ಪೀಠವು ಹಿಂದೆ ಸರಿಯುವಂತೆ ಸೂಚಿಸಿತು. ಭಗಿನಿಯರು ವಿಧೇಯರಾಗಿ ಹಿಂದೆ ಸರಿದರು. ಯುನೈಟಿಂಗ್ ಚರ್ಚ್ ಆ ಹೊಣೆಯನ್ನು ಹೊತ್ತಿತು. 2001ರ ಮೇ ತಿಂಗಳಲ್ಲಿ ಕೇಂದ್ರ ತೆರೆಯಿತು. ಅಲ್ಲಿಂದ ಎರಡು ದಶಕಗಳಲ್ಲಿ ಸಾವಿರಾರು ಸಲ ವ್ಯಸನಿಗಳು ಅತಿಸೇವನೆಯಿಂದ ಕುಸಿದರೂ ಆ ಕೋಣೆಯೊಳಗೆ ಒಬ್ಬರೂ ಸಾಯಲಿಲ್ಲ. ಆದರೂ ವಾದ ನಿಂತಿಲ್ಲ. ಮೆಲ್ಬರ್ನ್ ನಗರದಲ್ಲಿ 2018ರಲ್ಲಿ ಒಂದು ಕೇಂದ್ರ ಆರಂಭವಾಯಿತು. ನಗರದ ನಡುವೆ ಎರಡನೆಯದನ್ನು ತೆರೆಯುವ ಯೋಜನೆಯನ್ನು ಅಲ್ಲಿನ ಸರ್ಕಾರ 2024ರಲ್ಲಿ ಕೈಬಿಟ್ಟಿತು.

ದೂರದ ಊರಿನ ಮಾತು ಬಳ್ಳಾರಿಯ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ದೇಶದಲ್ಲಿ ಇಂಥ ಕೋಣೆಗೆ ಕಾನೂನಿನ ಅವಕಾಶವಿಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯ 27ನೆಯ ಕಲಮು ಸೇವಿಸುವವನನ್ನೂ, 25ನೆಯ ಕಲಮು ಅಪರಾಧಕ್ಕೆ ತಿಳಿದೂ ತಿಳಿದೂ ಜಾಗ ಕೊಟ್ಟವನನ್ನೂ ದಂಡಿಸುತ್ತವೆ. ಆದರೆ ಸೂಜಿಯಿಂದ ಏಡ್ಸ್ ಹರಡುವುದನ್ನು ಕಂಡ ಇದೇ ದೇಶ, ತನ್ನ ಏಡ್ಸ್ ನಿಯಂತ್ರಣ ಸಂಸ್ಥೆಯ ಮೂಲಕ ವ್ಯಸನಿಗಳಿಗೆ ಶುದ್ಧ ಸೂಜಿಯನ್ನೂ ಬಾಯಿಯಿಂದ ಸೇವಿಸುವ ಬದಲಿ ಔಷಧವನ್ನೂ ಕೊಡಿಸುತ್ತಿದೆ. ದೆಹಲಿಯ ಏಮ್ಸ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಾದಕ ದ್ರವ್ಯ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಮದ್ಯಪಾನದಿಂದ ನರಳಿ ನೆರವಿನ ಅಗತ್ಯವಿರುವವರು 5.7 ಕೋಟಿ. ಆದ್ದರಿಂದ ಪ್ರಶ್ನೆ ದೂರದ್ದಲ್ಲ; ಅದರ ರೂಪ ಮಾತ್ರ ಬೇರೆ.

ಈ ರೂಪ ನಮಗೆ ಗೋಚರಿಸಿದ್ದು ಒಬ್ಬ ತಾಯಿಯ ಬಾಯಿಂದ. "ಫಾದರ್, ಮಗ ರಾತ್ರಿ ಕುಡಿದು ಬಂದು ಬಾಗಿಲು ಬಡಿತಾನೆ. ತೆಗೆದರೆ ನಾನೇ ಅವನನ್ನ ಕೆಡಿಸಿದಂಗೆ ಅಂತಾರೆ ಮಂದಿ. ತೆಗೀದಿದ್ರೆ ಚರಂಡ್ಯಾಗ ಬಿದ್ದು ಸತ್ತಾನೇನೋ ಅಂತ ಭಯ. ಯಾವುದು ಪಾಪ?" ಸಿಡ್ನಿಯ ಶಾಸಕರ ಎದುರಿಗಿದ್ದ ಪ್ರಶ್ನೆಗೂ ಈ ತಾಯಿಯ ಪ್ರಶ್ನೆಗೂ ತಾತ್ತ್ವಿಕವಾಗಿ ವ್ಯತ್ಯಾಸವಿಲ್ಲ.

ಪರರ ಪಾಪವನ್ನು ಮನಸಾರೆ ಒಪ್ಪಿ ನೀಡುವ ಸಹಕಾರವನ್ನೂ, ಒಪ್ಪದೆಯೇ ಸಂದರ್ಭವಶಾತ್ ಒದಗಿಬರುವ ಸಹಕಾರವನ್ನೂ ನಮ್ಮ ನೀತಿಶಾಸ್ತ್ರ ಬೇರೆಬೇರೆಯಾಗಿ ತೂಗುತ್ತದೆ. ಮನುಷ್ಯರು ಮಾಡುವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಆದರೆ ದಂಡಿಸದೆ ಬಿಡುವುದು ಬೇರೆ, ಪೀಠ ಹಾಕಿಕೊಡುವುದು ಬೇರೆ. ವ್ಯಸನವೆಂದರೆ ಸಂಕಲ್ಪಶಕ್ತಿಯ ಸೆರೆವಾಸ. ಸೆರೆಯನ್ನು ಸುಸಜ್ಜಿತಗೊಳಿಸುವುದು ಬಿಡುಗಡೆಯಲ್ಲ. ಮಾದಕ ದ್ರವ್ಯದ ಸಮಸ್ಯೆ ಮಾದಕ ದ್ರವ್ಯದಿಂದಲೇ ಪರಿಹಾರವಾಗದೆಂದು ಪೋಪ್ ಫ್ರಾನ್ಸಿಸ್ ಅವರು 2014ರಲ್ಲಿ ಎಚ್ಚರಿಸಿದ್ದು ಈ ಕಾರಣದಿಂದಲೇ.

ಇದರ ಇನ್ನೊಂದು ಮುಖವನ್ನು ಮರೆಯಲಾಗದು. ಸತ್ತವನು ಪಶ್ಚಾತ್ತಾಪ ಪಡಲಾರ. ಉಸಿರಿದ್ದರೆ ತಾನೇ ಮನಪರಿವರ್ತನೆ? ಆದುದರಿಂದ, ಆ ಕೋಣೆಯನ್ನು ನಡೆಸುವುದು ಧರ್ಮಸಭೆಯ ಕೆಲಸವಲ್ಲವೆಂಬ ತೀರ್ಪನ್ನು ನಾವು ಒಪ್ಪುತ್ತೇವೆ. ಆದರೆ ಅಲ್ಲಿ ಜೀವ ಉಳಿಸುವ ದಾದಿಯನ್ನು ಪಾಪದ ಪಾಲುದಾರಳೆಂದು ಹಳಿಯಲು ನಮ್ಮ ಮನಸ್ಸಾಕ್ಷಿ ಒಪ್ಪದು. ಬೇಡವೆಂದು ಹೇಳಿದವರ ಮೇಲೆ ಅದಕ್ಕೆ ಬದಲಾಗಿ ಏನು ಕೊಡುತ್ತೀರೆಂಬ ಪ್ರಶ್ನೆ ಇಮ್ಮಡಿ ಭಾರವಾಗಿ ಬೀಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಅಂಗಡಿಗಳು ಮುಚ್ಚಿದವು. ಅಂಗಡಿ ಮುಚ್ಚಿತು, ಕುಡಿತ ಹೋಗಲಿಲ್ಲ. ಚಿಕಿತ್ಸೆಯಿಲ್ಲದ ನಿಷೇಧದ ಮಿತಿ ಅದು.

ಬದಲಿ ಮಾರ್ಗ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಆರೋಗ್ಯದ ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗಿಗೆ ಅವನ ಊರಿನ ಸಮೀಪದಲ್ಲೇ ಔಷಧ ಸಿಗುವಂತೆ ಮಾಡಲಾಯಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಅದನ್ನೇ ಆಧರಿಸಿ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ಜಿಲ್ಲೆಯಲ್ಲಿ, ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಯಾಳು ಕುಡಿತ ಬಿಡಲು ಒಂದು ದಿನದ ಕೂಲಿ ಕಳೆದುಕೊಂಡು ನಗರಕ್ಕೆ ಬರಬೇಕಾದರೆ ಅದು ನಮಗೆ ಶೋಭೆಯಲ್ಲ. ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಗೊತ್ತಾದ ದಿನ ವ್ಯಸನ ಚಿಕಿತ್ಸೆ ತಪ್ಪದೆ ದೊರೆಯಲಿ, ಔಷಧ ದಾಸ್ತಾನಿರಲಿ ಎಂದು ಮತ ಕೇಳಲು ಬರುವವರನ್ನು ನಾವು ಕೇಳಬೇಕು. ಅವರ ಪಕ್ಷ ಯಾವುದೆಂಬುದು ಇಲ್ಲಿ ಮುಖ್ಯವಲ್ಲ.

ಕುಟುಂಬಗಳಿಗೂ ಕರ್ತವ್ಯವಿದೆ. ಮಾನ ಹೋಗುವುದೆಂಬ ಭಯದಿಂದ ರೋಗವನ್ನು ಮುಚ್ಚಿಡಬೇಡಿ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆಂಬುದನ್ನು ತಿಳಿಯಿರಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆಮಾಡಬಹುದು. ನಾಮಕರಣ, ಮದುವೆ, ಹಬ್ಬಗಳಲ್ಲಿ ಮದ್ಯವಿಲ್ಲದಿದ್ದರೆ ಮರ್ಯಾದೆಯಿಲ್ಲವೆಂಬ ಭ್ರಮೆಯನ್ನು ನಮ್ಮ ಧರ್ಮಕೇಂದ್ರಗಳು ಇನ್ನಾದರೂ ಬಿಡಲಿ. ಅನ್ಯರ ಸೂಜಿಯನ್ನು ಖಂಡಿಸುವ ನಾಲಿಗೆಗೆ ನಮ್ಮದೇ ಬಾಟಲಿ ಕಾಣದಿರಬಾರದು.

ಆ ತಾಯಿಗೆ ನಾವು ನೆನಪಿಸಿದ್ದು ದುಂದುಗಾರ ಮಗನ ತಂದೆಯನ್ನು. ಆತನು ದೂರದೇಶಕ್ಕೆ ಹಣ ಕಳುಹಿಸಲಿಲ್ಲ. ಮನೆಗೆ ಬೀಗವನ್ನೂ ಹಾಕಲಿಲ್ಲ. ಮಗನು ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿಹೋದನು. ಕುಡಿಯಲು ಕಾಸು ಕೊಡಬೇಡ ತಾಯಿ, ಬಾಗಿಲು ತೆಗೆ, ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗೋಣ ಎಂದೆವು. ಇಬ್ಬರೂ ಎಂದದ್ದು ಉದ್ದೇಶಪೂರ್ವಕವಾಗಿಯೇ. ಆಕೆ ಒಬ್ಬಳೇ ಓಡಬೇಕಾದ ದಾರಿ ಅದಲ್ಲ, ನಮ್ಮೆಲ್ಲರದು.