ಗೇಮ್ ಎಂದು ತಳ್ಳಿಹಾಕುವ ಮುನ್ನ

ಸೈನಿಕರ ಕಣ್ಣಿಗೆ ವಿ.ಆರ್. ಕನ್ನಡಕ ಕಟ್ಟಿ ವಿಡಿಯೊ ಗೇಮ್ ಆಡಿಸುವುದು ದುಡ್ಡು ದಂಡ ಎಂಬ ಧಾಟಿಯ ಲೇಖನ ಓದಿದೆ. ಲೇಖಕರು ಒಮ್ಮೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬರಲಿ. ಇಲ್ಲಿ ಬುದ್ಧಿಯಿರುವ ಯಾವ ಸಿಎನ್‌ಸಿ ಆಪರೇಟರೂ ಹೊಸ ಪ್ರೋಗ್ರಾಮನ್ನು ನೇರವಾಗಿ ಜಾಬ್ ಮೇಲೆ ಓಡಿಸುವುದಿಲ್ಲ. ಮೊದಲು ಪರದೆಯಲ್ಲಿ ಟೂಲ್ ಹೋಗುವ ದಾರಿ ನೋಡುತ್ತಾನೆ. ಆಮೇಲೆ ಲೋಹ ಮುಟ್ಟದ ಡ್ರೈ ರನ್, ಬೆರಳು ಟೂಲ್ ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೇ. ಟೂಲ್ ಜಾಬ್ ಹಿಡಿದಿರುವ ಚಕ್‌ಗೆ ಬಡಿದರೆ ಸ್ಪಿಂಡಲ್ಲಿಗೇ ಪೆಟ್ಟು. ಈ ತಾಲೀಮನ್ನು ಯಾರೂ ಆಟ ಅನ್ನುವುದಿಲ್ಲ.

ಹಾರಾಟದಲ್ಲೂ ಇದೇ ಕ್ರಮ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ಬೆಂಗಳೂರಿನಲ್ಲಿ 2010ರಲ್ಲಿ ಶುರುಮಾಡಿದ ‘ಹ್ಯಾಟ್ಸಾಫ್’ ಕೇಂದ್ರದಲ್ಲಿ ಧ್ರುವ ಹೆಲಿಕಾಪ್ಟರಿನ ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಕಲಿಯುತ್ತಾರೆ. ಅಲ್ಲಿರುವುದು ಕನ್ನಡಕವಲ್ಲ, ಕಾಕ್‌ಪಿಟ್ ಮತ್ತು ಪರದೆ, ತತ್ವ ಒಂದೇ. ಬಾಲದ ರೋಟರ್ ಕೈಕೊಟ್ಟರೆ ಹೆಲಿಕಾಪ್ಟರ್ ಗರಗರ ತಿರುಗತೊಡಗುತ್ತದೆ, ಯೋಚಿಸಲು ಪುರುಸೊತ್ತಿರುವುದಿಲ್ಲ. ಇದನ್ನು ನಿಜವಾದ ಆಕಾಶದಲ್ಲಿ, ನಿಜವಾದ ರೋಟರ್ ಕೆಡಿಸಿ ಕಲಿಸೋಣವೇ, ಸ್ವಾಮಿ?

ಬೆನ್ನ ಮೇಲಿನ ಭಾರ, ಸಿಯಾಚಿನ್ನಿನ ಚಳಿ, ಪಕ್ಕದವನಿಗೆ ಗುಂಡು ತಗುಲಿದಾಗಿನ ನಡುಕ ಯಾವ ಕನ್ನಡಕದಲ್ಲೂ ಬರುವುದಿಲ್ಲ, ಒಪ್ಪಿದೆ. ಮೈದಾನದ ಅಭ್ಯಾಸಕ್ಕೆ ಕತ್ತರಿ ಹಾಕಿ ಆ ಜಾಗಕ್ಕೆ ಈ ಯಂತ್ರ ತಂದರೆ ನಾನೂ ಬೈಯುತ್ತೇನೆ. ಲೇಖಕರು ಎತ್ತಬೇಕಿದ್ದ ಪ್ರಶ್ನೆ ಅದು. ಅವರು ಕನ್ನಡಕದ ಬೆಲೆಯಲ್ಲೇ ನಿಂತುಬಿಟ್ಟರು.